ಹಳೆಯ ಮಣಿ, ಹೊಸ ದಾರ

ಸೂತ್ರವೆಂದರೆ ದಾರ, ಸೂತ್ರವೆಂದರೆ ನಿಯಮವೂ ಹೌದು. ಹಳೆಯ ಮಣಿಗಳನ್ನೂ ಅಲ್ಲಲ್ಲಿ ದೊರೆತ ಸಣ್ಣಪುಟ್ಟ ವಸ್ತುಗಳನ್ನೂ ಕೂಡಿಸಿ ಕೈಯಿಂದ ಒಡವೆ ಮಾಡುವವರಿಗೆ ಈ ಎರಡೂ ಬೇಕು. ಹೇಗೆ ಪೋಣಿಸಬೇಕೆಂಬುದು ಒಂದು ವಿದ್ಯೆ. ಯಾವುದನ್ನು ಪೋಣಿಸಬಾರದೆಂಬುದು ಅದಕ್ಕಿಂತ ಹಿರಿದಾದ ವಿವೇಕ.

ಈ ಕಲೆ ನಮ್ಮ ನಾಡಿಗೆ ಹೊಸದಲ್ಲ. ಲಂಬಾಣಿ ಸ್ತ್ರೀಯರು ಕವಡೆ, ಗಾಜಿನ ಮಣಿ, ಹಳೆಯ ನಾಣ್ಯಗಳನ್ನೇ ಒಡವೆಯಾಗಿಸಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹದ ಉಳಿತಾಯಕ್ಕೆಂದು 1943ರಿಂದ 1947ರವರೆಗೆ ಅಚ್ಚಾದ ತೂತಿನ ಕಾಸು ಇಂದಿಗೂ ಕೆಲವು ಮನೆಗಳ ಪೆಟ್ಟಿಗೆಗಳಲ್ಲಿದೆ. ನಡುವೆ ರಂಧ್ರವಿರುವ ಅದು ತಾನಾಗಿಯೇ ಪದಕವಾಗಬಲ್ಲದು.

ಮಣಿಯ ಚರಿತ್ರೆಯನ್ನು ಅದರ ರಂಧ್ರವೇ ಹೇಳುತ್ತದೆ. ಗಟ್ಟಿ ಕಲ್ಲಿನ ಮಣಿಯನ್ನು ಎರಡು ಕಡೆಯಿಂದಲೂ ಕೊರೆಯುತ್ತಿದ್ದುದರಿಂದ ಎರಡು ದಾರಿಗಳು ನಡುವೆ ತುಸು ಓರೆಯಾಗಿ ಕೂಡಿರುವುದುಂಟು. ಗಾಜಿನ ಸಣ್ಣ ಮಣಿಯಾದರೋ ಕಾದ ಗಾಜನ್ನು ಕೊಳವೆಯಾಗಿ ಎಳೆದು ತುಂಡರಿಸಿದುದಾದರೆ, ಅದರ ಗೆರೆಗಳು ರಂಧ್ರಕ್ಕೆ ಸಮಾಂತರವಾಗಿ ಸಾಗುತ್ತವೆ. ಕಾರ್ನೀಲಿಯನ್ ಎಂಬ ಕೆಂಗಲ್ಲಿನ ಮೇಲೆ ಕಾಣುವ ಬಿಳಿಯ ಚಿತ್ತಾರವು ಬಣ್ಣವಲ್ಲ. ಕ್ಷಾರದಿಂದ ಬರೆದು ಬೆಂಕಿಯಲ್ಲಿ ಕಾಯಿಸಿ ಮೂಡಿಸಿದುದು. ಆದುದರಿಂದ ಹಳೆಯ ಮಣಿಯನ್ನು ಮತ್ತೆ ಕೊರೆಯುವುದೂ ಉಜ್ಜಿ ಹೊಳಪಿಸುವುದೂ ಅದರ ಅಕ್ಷರವನ್ನು ಅಳಿಸಿದಂತೆ.

ಪೋಣಿಸುವ ಕ್ರಮವಾದರೋ ಸರಳ. ಕಲ್ಲಿನ ಮಣಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮುತ್ತು, ಹವಳ, ಕವಡೆಗಳಿಗೆ ಹುಣಸೆಯ ಹುಳಿ ತಾಗಬಾರದು. ಹುಳಿಯಿಂದ ಅವು ಸವೆಯುತ್ತವೆ. ದೊಡ್ಡ ಮಣಿ ಎದೆಯ ನಡುವಿಗೆ, ಸಣ್ಣವು ಹೆಗಲ ಕಡೆಗೆ ಬರುವಂತೆ ಮೊದಲು ಬಟ್ಟೆಯ ಮೇಲೆ ಜೋಡಿಸಿ ನೋಡಬೇಕು. ಗಟ್ಟಿಯಾದ ರೇಶಿಮೆ ದಾರದಲ್ಲಿ ಮಣಿಗೊಂದರಂತೆ ಗಂಟು ಹಾಕುತ್ತ ಹೋದರೆ, ದಾರ ಹರಿದಾಗಲೂ ಮಣಿಗಳೆಲ್ಲ ಚೆದುರುವುದಿಲ್ಲ. ಒಂದಕ್ಕೊಂದು ತಿಕ್ಕುವುದೂ ಇಲ್ಲ. ಪಟವೇಗಾರರ ಕಾಯಕದ ಮರ್ಮವೂ ಈ ಗಂಟಿನಲ್ಲಿಯೇ ಇದೆ.

ಇನ್ನು ಪೋಣಿಸಬಾರದುದರ ಮಾತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ದೊರೆಯಿತು, 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಮಣಿಗಳೂ ದೊರೆತವು. ಇಂತಹ ನೆಲೆಗಳಲ್ಲಿ ಮಳೆ ಹೊಯ್ದು ಮಣ್ಣು ಕೊಚ್ಚಿದಾಗ ಮಣಿಗಳು ಮೇಲಕ್ಕೆ ಬರುತ್ತವೆ. ಮಕ್ಕಳು ಅಂದವೆಂದು ಆಯ್ದು ತರುತ್ತಾರೆ. ಯಾವ ಪದರದಲ್ಲಿ, ಯಾವ ಮಡಕೆಯ ಚೂರಿನ ಬಳಿ ಇತ್ತೆಂಬುದು ತಿಳಿದಾಗಲೇ ಆ ಮಣಿ ಸಾಕ್ಷಿ ನುಡಿಯುತ್ತದೆ. ಸ್ಥಳದಿಂದ ಎದ್ದರೆ ಅದು ಬರಿಯ ಕಲ್ಲು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ ನೂರು ವರ್ಷ ಮೀರಿದ ಇಂತಹ ಕರಕುಶಲ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವುದು ನಿಷಿದ್ಧ.

ಅಜ್ಜಿಯ ಪೆಟ್ಟಿಗೆಯಲ್ಲಿ ಹರಿದು ಬಿದ್ದ ಸರವು ಮೊಮ್ಮಗಳ ಕೊರಳಿಗೆ ಬಂದರೆ ಅದು ಮುಂದುವರಿದ ಬಾಳು. ದಿಬ್ಬದ ಮಣಿ ಮಾತ್ರ ಯಾವೊಬ್ಬರ ಕೊರಳಿಗೂ ಸೇರಿದುದಲ್ಲ. ಅಂತಹುದು ಕಂಡಾಗ ಎತ್ತದೆ ಸ್ಥಳವನ್ನು ಗುರುತಿಟ್ಟು ಗುರುಗಳಿಗೆ ತಿಳಿಸುವುದು, ಅವರು ಪುರಾತತ್ತ್ವ ಇಲಾಖೆಗೆ ಬರೆಯುವುದು: ಇದನ್ನು ಶಾಲೆಯಲ್ಲಿಯೇ ಕಲಿತ ಮಕ್ಕಳು ಸರವನ್ನೂ ಮಾಡಬಲ್ಲರು, ಚರಿತ್ರೆಯನ್ನೂ ಕಾಯಬಲ್ಲರು.