ಕನ್ನಡ ಒಳಗಿರಬೇಕಾ, ಹೊರಗಿರಬೇಕಾ?

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದವರಿಗೆ ಈ ಪಾಠ ಅರ್ಧ ಗೊತ್ತಿರೋದೇ. ಬೆಣ್ಣೆಗೆ ಬೇರೆ ಬಿಲ್ ಹಾಕಿದ್ರೆ ಅದನ್ನ ಬೆಣ್ಣೆ ದೋಸೆ ಅಂತ ಕರೆಯೋಕಾಗಲ್ಲ. ಆದರೆ ಮಂಡಕ್ಕಿ ಜೊತೆಗಿನ ಮಿರ್ಚಿ ಬೇಕಾದವರಿಗಷ್ಟೇ. ಸಾಫ್ಟ್‌ವೇರ್ ಕಟ್ಟುವವರ ಮುಂದೆಯೂ ಇದೇ ಪ್ರಶ್ನೆ ಇದೆ. ಎಲ್ಲರಿಗೂ ಸಿಗುವ ಮೂಲಭಾಗದಲ್ಲಿ, ಅಂದರೆ ಕೋರ್‌ನಲ್ಲಿ, ಏನಿಡಬೇಕು? ಬೇಕಾದವರು ಹಾಕಿಕೊಳ್ಳಲಿ ಅಂತ ಆಡ್-ಆನ್ ಪ್ಯಾಕೇಜ್ ಆಗಿ ಏನು ಬಿಡಬೇಕು?

"ಎಲ್ಲಾ ಒಳಗೇ ಹಾಕಿಬಿಡೋಣ" ಅನ್ನೋದು ಸುಲಭದ ಉತ್ತರ. ಪೈಥಾನ್ ಹೆಚ್ಚುಕಡಿಮೆ ಹಾಗೇ ಮಾಡಿತ್ತು. ಆದರೆ ಕೋರ್‌ಗೆ ಸೇರಿಸಿದ್ದನ್ನ ವರ್ಷಗಟ್ಟಲೆ ಯಾರಾದರೂ ನೋಡಿಕೊಳ್ಳಲೇಬೇಕು. ಅದಕ್ಕೇ 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ 19 ಹಳೆಯ ಮಾಡ್ಯೂಲ್‌ಗಳನ್ನು ತೆಗೆದುಹಾಕಿದರು. ಇನ್ನೊಂದು ಕಡೆ, ನಾವೆಲ್ಲ ಬಳಸುವ ನಂಪೈ ಇವತ್ತಿಗೂ ಹೊರಗಿನ ಪ್ಯಾಕೇಜೇ. ಅದು ತನ್ನದೇ ವೇಗದಲ್ಲಿ ಬೆಳೀತಿದೆ. ಆದರೆ ಪ್ಯಾಕೇಜ್ ತರಿಸಿಕೊಡುವ ಪಿಪ್ ಮಾತ್ರ 2014ರ 3.4ನೇ ಆವೃತ್ತಿಯಿಂದ ಪೈಥಾನ್ ಜೊತೆಗೇ ಬರುತ್ತೆ. ಅದೂ ಹೊರಗಿದ್ದರೆ ಉಳಿದದ್ದನ್ನ ತರೋದು ಹೇಗೆ? ಅಂದರೆ ಎಷ್ಟು ಜನ ಬಳಸ್ತಾರೆ ಅನ್ನೋದೊಂದೇ ಅಳತೆ ಅಲ್ಲ.

ಈಗ ನಮ್ಮ ಭಾಷೆಯ ವಿಷಯಕ್ಕೆ ಬರೋಣ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅನ್ನೋ ಕನ್ನಡ ಫಾಂಟ್ ಇತ್ತು. ಆದರೆ ಒತ್ತಕ್ಷರ, ಗುಣಿತಾಕ್ಷರಗಳನ್ನ ಸರಿಯಾಗಿ ಜೋಡಿಸುವ ಸೌಲಭ್ಯ ಸಾಮಾನ್ಯವಾಗಿ ಆನ್ ಆಗಿರ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಿ, ವಿಂಡೋಸ್ ಸಿಡಿ ಕೇಳಿದರೆ ಅದನ್ನೂ ಹುಡುಕಿ ತರಬೇಕಿತ್ತು. ಬರೆಯುವವರು ಹೇಗೋ ಇದನ್ನ ಮಾಡಿಕೊಳ್ತಾರೆ. ಓದುವವರ ಕಥೆ? ನಾನು ಕಳಿಸಿದ ಕನ್ನಡ ಪತ್ರ ನಿಮಗೆ ಸರಿಯಾಗಿ ಕಾಣಬೇಕಾದರೆ ಆ ಆಡ್-ಆನ್ ನಿಮ್ಮ ಕಂಪ್ಯೂಟರ್‌ನಲ್ಲಿ ಇರಬೇಕು. ಅದನ್ನ ನಾನು ಇಲ್ಲಿಂದ ಹಾಕಿಕೊಡೋಕಾಗಲ್ಲ. ವಿಸ್ತಾದಿಂದ ಈಚೆಗೆ ಆ ಸೌಲಭ್ಯ ಕೋರ್‌ಗೇ ಸೇರಿತು.

ಮುಂದಿನ ತಿರುವು ಇನ್ನೂ ಚೆನ್ನಾಗಿದೆ. ವಿಂಡೋಸ್ 10ರಲ್ಲಿ ಕನ್ನಡ ಓದೋಕೆ ಬೇಕಾದ 'ನಿರ್ಮಲಾ ಯುಐ' ಫಾಂಟ್ ಕೋರ್‌ನಲ್ಲೇ ಉಳೀತು, ತುಂಗಾ ಐಚ್ಛಿಕ ಪ್ಯಾಕೇಜ್ ಆಯ್ತು. ಇದರಿಂದ ಕನ್ನಡಕ್ಕೆ ಅನ್ಯಾಯ ಆಗಿಲ್ಲ ಅನ್ನೋದು ನಮ್ಮ ಅಭಿಪ್ರಾಯ. ಓದೋಕೆ ಒಂದು ಫಾಂಟ್ ಎಲ್ಲರ ಬಳಿ ಇರಲೇಬೇಕು. ಎರಡನೆಯದು ರುಚಿಗೆ ಬಿಟ್ಟದ್ದು.

ಆದರೆ ಕೆಲವು ವಿಷಯಗಳನ್ನ ಆಮೇಲೆ ಸೇರಿಸೋಕೆ ಬರೋದೇ ಇಲ್ಲ. ಸಿ ಲ್ಯಾಬ್‌ನಲ್ಲಿ ಹೆಸರಿಗೆ ಅಂತ 20 ಬೈಟ್‌ನ ಕ್ಯಾರ್ ಅರೇ ಇಡೋದು ಮಾಮೂಲು. ಅದರಲ್ಲಿ ನಮ್ಮ 'ಶಾಮನೂರು' ಹಿಡಿಸುತ್ತಾ ನೋಡೋಣ. ಕಣ್ಣಿಗೆ ಕಾಣೋದು 4 ಅಕ್ಷರ. ಯುನಿಕೋಡ್‌ನಲ್ಲಿ ಸ್ವರಚಿಹ್ನೆಗಳಿಗೂ ಪ್ರತ್ಯೇಕ ಸಂಕೇತ ಇರೋದ್ರಿಂದ ಒಟ್ಟು 7 ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಅಂದರೆ 21. ಕೊನೆಯ ಸೊನ್ನೆ ಸೇರಿದರೆ 22. ಹಿಡಿಸಲ್ಲ! ಇಂಗ್ಲಿಷಿನಲ್ಲಿ ಬರೆದರೆ ಅದೇ ಊರಿಗೆ ಹತ್ತು ಬೈಟ್ ಸಾಕು. ಇದನ್ನ ಯಾವ ಕನ್ನಡ ಪ್ಲಗಿನ್ನೂ ಹೊರಗಿನಿಂದ ಸರಿಮಾಡಲ್ಲ. ಯಾಕಂದ್ರೆ ಹುಡುಕೋದು, ಕತ್ತರಿಸೋದು, ಉಳಿಸೋದು ಎಲ್ಲಾ ಆ 20ನ್ನೇ ನಂಬಿಕೊಂಡು ಬರೆದ ಕೋಡ್.

ಹಾಗಾಗಿ ನಿರ್ಧಾರ ಮಾಡುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ.

1. ಇದನ್ನ ಆಮೇಲೆ ಸೇರಿಸಿದರೆ ಉಳಿದ ಕೋಡ್ ಬದಲಾಗಬೇಕಾ?
2. ಒಬ್ಬರು ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ತೊಂದರೆ ಆಗುತ್ತಾ?
3. ಇದು ಕೋರ್‌ಗಿಂತ ಬೇಗ ಬೇಗ ಬದಲಾಗುತ್ತಾ?
4. ಇದನ್ನ ಮುಂದೆ ನೋಡಿಕೊಳ್ಳುವವರು ಇದ್ದಾರಾ?

ಮೊದಲ ಎರಡರಲ್ಲಿ ಯಾವುದಕ್ಕಾದರೂ 'ಹೌದು' ಬಂದರೆ ಕೋರ್‌ನಲ್ಲಿಡಿ, ನಾಲ್ಕನೆಯದಕ್ಕೆ ಜನ ಹುಡುಕಿ. ಎರಡಕ್ಕೂ 'ಇಲ್ಲ' ಅಂತಾಗಿ ಮೂರನೆಯದಕ್ಕೆ 'ಹೌದು' ಬಂದರೆ ಪ್ಯಾಕೇಜೇ ವಾಸಿ.

ಮಿನಿ ಪ್ರಾಜೆಕ್ಟ್‌ಗೆ ಕೂತಾಗ "ಕನ್ನಡ ಆಮೇಲೆ ಹಾಕೋಣ" ಅನ್ನೋ ಮಾತು ಬರುತ್ತೆ. ಕನ್ನಡದ ಮೆನು, ಚೆಂದದ ಫಾಂಟ್, ಹೊಸ ಕೀಬೋರ್ಡ್ ಆಮೇಲೆ ಬರಲಿ, ತಕರಾರಿಲ್ಲ. ಕನ್ನಡದಲ್ಲಿ ಬರೆದ ಹೆಸರನ್ನ ಪೂರ್ತಿ ಉಳಿಸಿ, ಹಾಗೇ ತೋರಿಸೋದು ಮಾತ್ರ ಮೊದಲ ದಿನದ ಕೋಡ್‌ನಲ್ಲೇ ಇರಲಿ. ಅದು ಬೆಣ್ಣೆ, ಮಿರ್ಚಿ ಅಲ್ಲ.