ಮೊಣಕಾಲು ಗಟ್ಟಿ ಇರುವಾಗಲೇ ಹಿಮೆಜಿ

ಜಪಾನಿನ ಕೋಟೆ ನೋಡುವ ಆಸೆಯಿರುವವರು ಅದನ್ನು ನಿವೃತ್ತಿಯ ನಂತರಕ್ಕೆ ಮುಂದೂಡದಿರುವುದು ಒಳ್ಳೆಯದು. ಕಾರಣ, ಮೆಟ್ಟಿಲು.

ಹಿಮೆಜಿ ಕೋಟೆಯ ಈಗಿನ ಮುಖ್ಯ ಗೋಪುರ 1609ರಲ್ಲಿ ಮುಗಿದದ್ದು. ಕಟ್ಟಿಸಿದವನು ಇಕೆಡಾ ತೆರುಮಸಾ. ಹೊರಗಿನಿಂದ ಐದು ಅಂತಸ್ತು ಕಂಡರೂ ಒಳಗೆ ಆರು ಮಹಡಿ, ಅವುಗಳ ಕೆಳಗೊಂದು ನೆಲಮಾಳಿಗೆ. ಲಿಫ್ಟ್ ಇಲ್ಲ. ಶೂ ಕಳಚಿ, ಚೀಲದಲ್ಲಿ ಹಾಕಿ ಕೈಯಲ್ಲಿ ಹಿಡಿದು, ಕಡಿದಾದ ಮರದ ಮೆಟ್ಟಿಲು ಹತ್ತಬೇಕು. ಹಾಗಾಗಿ ಬೇಗ ಬಿಚ್ಚಬಹುದಾದ ಶೂ ಇರಲಿ. ಚಳಿಗಾಲವಾದರೆ ದಪ್ಪ ಕಾಲುಚೀಲ ಬೇಕೇ ಬೇಕು. ಭಾರದ ಬ್ಯಾಗು ರೈಲು ನಿಲ್ದಾಣದ ಲಾಕರಿನಲ್ಲೇ ಉಳಿಯಲಿ. ಅಲ್ಲಿಂದ ಕೋಟೆಗೆ ನೇರ ರಸ್ತೆ, ಸುಮಾರು ಒಂದು ಕಿಲೋಮೀಟರ್ ನಡಿಗೆ.

ಒಸಾಕಾ ಕೋಟೆಯಲ್ಲಿ ಲಿಫ್ಟ್ ಇದೆ ನಿಜ. ಆದರೆ ಆ ಗೋಪುರ 1931ರಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದ್ದು. ಹಳೆಯ ಗೋಪುರವನ್ನೇ ಉಳಿಸಿಕೊಂಡ ಕೋಟೆಗಳು ಇಡೀ ಜಪಾನಿನಲ್ಲಿ 12 ಮಾತ್ರ. 1945ರ ಬಾಂಬ್ ದಾಳಿಯಲ್ಲಿ ಹಿಮೆಜಿ ಊರಿನ ಬಹುಭಾಗ ಸುಟ್ಟುಹೋದರೂ ಕೋಟೆ ಉಳಿಯಿತು. ಅದರ ಕಂಬಗಳ ಪಕ್ಕ ನಿಲ್ಲುವ ಅವಕಾಶವನ್ನು ಯಾರೂ ಕಳೆದುಕೊಳ್ಳಬಾರದು.

ಗೋಪುರದತ್ತ ಓಡುವವರು ದಾರಿಯನ್ನೇ ನೋಡುವುದಿಲ್ಲ. ವೈರಿಯನ್ನು ಗೊಂದಲಕ್ಕೆ ಕೆಡವಲೆಂದೇ ಸುತ್ತಿ ಬಳಸಿ ಮಾಡಿದ ದಾರಿ ಅದು. ಗೋಡೆಯಲ್ಲಿ ಬಂದೂಕು, ಬಾಣಗಳಿಗೆಂದು ಕೊರೆದ ದುಂಡು, ತ್ರಿಕೋನ, ಚೌಕದ ಕಿಂಡಿಗಳಿವೆ. ಒಂದೆರಡರಲ್ಲಿ ಕಣ್ಣಿಟ್ಟು ನೋಡಬೇಕು.

ಇಳಿದ ಮೇಲೆ ಪಕ್ಕದ ಕೊಕೊ-ಎನ್ ಉದ್ಯಾನ. 1992ರಲ್ಲಿ ತೆರೆದದ್ದು, ಒಳಗೆ ಒಂಬತ್ತು ತೋಟಗಳು. ಎರಡಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ. ನವೆಂಬರಿನಲ್ಲಿ ಹೋದವರಿಗೆ ಕೆಂಪೇರಿದ ಮೇಪಲ್ ಮರಗಳು. ಯಾವಾಗ ಹೋದರೂ ಚಹಾ ಮನೆಯಲ್ಲಿ ಕೂತು ಮಚ್ಚಾ ಕುಡಿಯುವಷ್ಟು ಸಮಯ ಇಟ್ಟುಕೊಳ್ಳಲಿ.