ಊರ ವೆಲ್ಡಿಂಗ್ ಶಾಪಿನ ಕೊಂಡಿ ರಸ್ತೆಗಿಳಿದಾಗ

ಟ್ರ್ಯಾಕ್ಟರಿಗೆ ಟ್ರಾಲಿ ಕಟ್ಟುವ ಕೊಂಡಿಯನ್ನು ಊರ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಿಕೊಳ್ಳುವುದು ಹಳ್ಳಿಗಳಲ್ಲಿ ಸಾಮಾನ್ಯ. ದಪ್ಪ ಪಟ್ಟಿ, ಅದಕ್ಕೊಂದು ತೂತು, ತೂತಿಗೊಂದು ಪಿನ್ನು. ಸ್ವಂತ ಹೊಲದೊಳಗೆ ಗೊಬ್ಬರ ಎಳೆಯುವಷ್ಟಕ್ಕೆ ಯಾರೂ ತಡೆಯುವುದಿಲ್ಲ. ಅದೇ ಜೋಡಿ ಡಾಂಬರು ರಸ್ತೆಗೆ ಬಂದರೆ 1988ರ ಮೋಟಾರು ವಾಹನ ಕಾಯ್ದೆಯ ಹಲವು ಸೆಕ್ಷನ್‌ಗಳು ಒಟ್ಟಿಗೇ ಅನ್ವಯಿಸುತ್ತವೆ.

ಕಾಯ್ದೆಯ 2ನೇ ಸೆಕ್ಷನ್ನಿನ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲ ಎಂಬ ಸಬೂಬು ನಡೆಯದು. ಟ್ರ್ಯಾಕ್ಟರಿನ ಆರ್‌ಸಿ ಟ್ರಾಲಿಗೆ ಸಲ್ಲದು. ಸೆಕ್ಷನ್ 39ರಂತೆ ಟ್ರಾಲಿಗೆ ಅದರದೇ ನೋಂದಣಿ ಬೇಕು. ಸೆಕ್ಷನ್ 61ರ ಪ್ರಕಾರ ಟ್ರಾಲಿಯ ಸಂಖ್ಯೆ ಅದರ ಪಕ್ಕದಲ್ಲಿರಬೇಕು, ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಟ್ರಾಲಿಯ ಮೇಲೆ ಕಾಣಬೇಕು. ಎರಡು ಟ್ರಾಲಿಗಳಿದ್ದರೆ ಕೊನೆಯದರ ಮೇಲೆ. ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ ಕಡೆ ಈ ಸಂಖ್ಯೆಗಳು ಜಲ್ಲೆಗಳ ಮರೆಯಲ್ಲೇ ಇರುವುದು ಬೇರೆ ಮಾತು. ನೋಂದಣಿಯಿಲ್ಲದೆ ಓಡಿಸಿದರೆ ಸೆಕ್ಷನ್ 192ರಂತೆ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡವಿದೆ.

ಕೊಂಡಿ ಬದಲಾಯಿಸುವುದೇ ಅಪರಾಧವೇ? ಸೆಕ್ಷನ್ 52 ತಡೆಯುವುದು ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತಾಗುವ ಮಾರ್ಪಾಡನ್ನು. ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆಯನ್ನು ಮಾರ್ಪಾಡು ಎಂದು ಅದು ವಿವರಿಸುತ್ತದೆ. ಕಂಪನಿಯ ಡ್ರಾಬಾರಿಗೆ ಬೋಲ್ಟಿನಿಂದ ಕೂರಿಸಿ ಬಿಚ್ಚಬಹುದಾದ ಕೊಂಡಿ ಈ ವ್ಯಾಪ್ತಿಗೆ ಬರುತ್ತದೆ ಎನ್ನುವುದು ಕಷ್ಟ. ಟ್ರ್ಯಾಕ್ಟರಿನ ಮೈಯನ್ನೇ ಕೊರೆದು, ಕತ್ತರಿಸಿ ಬೆಸುಗೆ ಹಾಕಿದರೆ ಮಾತು ಬೇರೆ. ಅನುಮತಿಯಿಲ್ಲದ ಮಾರ್ಪಾಡಿಗೆ ಸೆಕ್ಷನ್ 182ಎ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಸಂಶಯವಿದ್ದರೆ ಕೆಲಸಕ್ಕೆ ಮೊದಲೇ ಆರ್‌ಟಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಜಾಣತನ.

ದಂಡಕ್ಕಿಂತ ದೊಡ್ಡ ಪೆಟ್ಟು ಅಪಘಾತದಲ್ಲಿದೆ. ಕೊಂಡಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕೂರಿಸಿದರೆ ಭಾರ ಎಳೆಯುವಾಗ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚಬಹುದು. ಪಿನ್ನಿನ ಬದಲು ಸಾದಾ ಬೋಲ್ಟು ಹಾಕಿ, ಕೆಳಗೆ ಕ್ಲಿಪ್ಪನ್ನೂ ಹಾಕದಿದ್ದರೆ ಗುಂಡಿಯೊಂದರ ಕುಲುಕಿಗೆ ಅದು ಮೇಲೆದ್ದು ಟ್ರಾಲಿ ಕಳಚಿಕೊಳ್ಳುತ್ತದೆ. ಸುರಕ್ಷತಾ ಸರಪಳಿ ಬೇಕಾಗುವುದು ಇಂಥ ಹೊತ್ತಿಗೇ. ಯಾಂತ್ರಿಕ ದೋಷದಿಂದ ಹೀಗಾಯಿತು ಎಂದು ಮಾಲೀಕ ವಾದಿಸಿದರೆ, ತಕ್ಕ ಎಚ್ಚರ ವಹಿಸಿಯೂ ದೋಷ ಕಣ್ಣಿಗೆ ಬೀಳಲಿಲ್ಲವೆಂದು ಆತನೇ ಸಾಬೀತುಪಡಿಸಬೇಕು ಎಂಬುದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದ ಮಾತು. ಬಿಲ್ಲೂ ಇಲ್ಲದ, ಎಷ್ಟು ಭಾರ ತಾಳುತ್ತದೆಂದು ಮಾಡಿದವನಿಗೂ ತಿಳಿಯದ ಕೊಂಡಿಗೆ ಈ ಪರೀಕ್ಷೆ ಬಲು ಕಠಿಣ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದು.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 146ರ ವಿಮೆಯನ್ನು ಟ್ರಾಲಿಗೂ ಮಾಡಿಸಿರಬೇಕು; ಪಾಲಿಸಿಯಲ್ಲಿ ಅದರ ಸಂಖ್ಯೆ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಕೃಷಿ ಬಳಕೆಗೆಂದು ಪಾಲಿಸಿ ಪಡೆದು ಬಾಡಿಗೆಗೆ ಇಟ್ಟಿಗೆ ಹೊತ್ತರೆ ವಿಮಾ ಕಂಪನಿ ಕೈಚೆಲ್ಲುವ ಸಂಭವ ಹೆಚ್ಚು. ಸರಕು ಸಾಗಿಸುವ ಟ್ರ್ಯಾಕ್ಟರ್-ಟ್ರೇಲರ್ ಸರಕು ಸಾಗಣೆ ವಾಹನವೇ ಎಂದು ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ತೀರ್ಪಿತ್ತಿದೆ. ಆಗ ಪರ್ಮಿಟ್ಟಿನ ಪ್ರಶ್ನೆಯೂ ಏಳುತ್ತದೆ. ಟ್ರಾಲಿಯಲ್ಲಿ ಕೂಲಿಗಳನ್ನು ಕೂರಿಸಿಕೊಂಡು ಹೋಗುವುದಂತೂ ಮಾಲೀಕನ ಜೇಬಿಗೇ ಕುತ್ತು.

ಇವೆಲ್ಲದರ ನಡುವೆ ಮಾಲೀಕನಿಗೂ ಹಕ್ಕುಗಳಿವೆ. ತಪಾಸಣೆಯಲ್ಲಿ ದಾಖಲೆ ವಶಪಡಿಸಿಕೊಂಡರೆ ರಸೀದಿ ಕೇಳಬಹುದು. ನೋಂದಣಿ ನಿರಾಕರಿಸಿದರೆ ಸೆಕ್ಷನ್ 45ರಂತೆ ಕಾರಣವನ್ನು ಬರಹದಲ್ಲಿ ಕೊಡಬೇಕಾದುದು ಕಚೇರಿಯ ಕರ್ತವ್ಯ. ಆ ಆದೇಶಕ್ಕಾಗಲಿ, ಮಾರ್ಪಾಡಿನ ಕುರಿತ ಆದೇಶಕ್ಕಾಗಲಿ ಒಪ್ಪಿಗೆಯಿಲ್ಲದಿದ್ದರೆ ಅದು ಕೈಸೇರಿದ 30 ದಿನಗಳೊಳಗೆ ಸೆಕ್ಷನ್ 57ರಡಿ ಮೇಲ್ಮನವಿ ಸಲ್ಲಿಸಬಹುದು.